ಕ್ಲಿಯರ್ ಹೊಡೆದ ರಾತ್ರಿಗಳು

11 ಜನವರಿ, ರಾತ್ರಿ 2.10

ಭಾವ,

ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಒಂದು ಸೀಟಿ ನನ್ನನ್ನು ಎಬ್ಬಿಸಿತು. ಸಣ್ಣ ಸೀಟಿ. ತೂತು ಬಿದ್ದ ಬಲೂನಿನಿಂದ ಗಾಳಿ ಹೋಗುವಾಗ ಬರುತ್ತದಲ್ಲ, ಹಾಗೆ. ಮೊದಲು ಪಕ್ಕದ ಕೋಣೆಯ ತೊಟ್ಟಿಲಿಗೆ ಓಡಿದೆ. ಗುಬ್ಬಿ ಮುಷ್ಟಿ ಬಿಗಿಹಿಡಿದು ನಿದ್ದೆ ಮಾಡುತ್ತಿದ್ದಳು. ಅಡುಗೆಮನೆಯ ಗ್ಯಾಸು, ಬಚ್ಚಲಿನ ನಲ್ಲಿ ಎಲ್ಲ ನೋಡಿಕೊಂಡು ವಾಪಸ್ಸು ಬಂದರೆ, ಸೀಟಿ ನನ್ನ ಹಾಸಿಗೆಯಲ್ಲೇ ಇತ್ತು. ನಿಮ್ಮ ತಮ್ಮನ ಎದೆಯಿಂದ ಬರುತ್ತಿತ್ತು.

ಎಬ್ಬಿಸಿದೆ. “ಏನಿಲ್ಲ, ಶೀತ. ಮಲ್ಕೋ” ಅಂದು ಮಗ್ಗುಲು ಬದಲಾಯಿಸಿದರು. ಐದು ನಿಮಿಷಕ್ಕೆ ತಾವೇ ಎದ್ದು ಕೂತರು. ಎರಡೂ ಕೈ ಮಂಡಿಗೆ ಊರಿ, ಭುಜ ಮೇಲೆತ್ತಿ, ಬಾವಿಯಿಂದ ಕೊಡ ಎಳೆದ ಹಾಗೆ ಉಸಿರು ಎಳೆದರು. ಈಗ ನಿದ್ದೆ ಹತ್ತಿದೆ. ನನಗೆ ಹತ್ತಿಲ್ಲ. ಗುಬ್ಬಿಗೆ ಹಾಲು ಕುಡಿಸುತ್ತ ಒಂದೇ ಕೈಯಲ್ಲಿ ಇದನ್ನು ಒತ್ತುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಫೋನ್ ಮಾಡೋಣವೆಂದರೆ ನೀವು ಎತ್ತುವವರಲ್ಲ. “ಮೇಲ್ ಹಾಕು” ಅಂತ ಒಂದು ಸಾಲು ಬರುತ್ತದೆ ಅಷ್ಟೇ.

ನಿಮಗೆ ಗೊತ್ತಿರುವುದೇ, ಆ ರಿಮೋಟಿನ ಯುದ್ಧವಿಮಾನ. ಆರಡಿ ರೆಕ್ಕೆ. ಎರಡು ವರ್ಷದಿಂದ ಈ ಮನೆಯ ಮೂರನೆಯ ಸದಸ್ಯ. ಗುಬ್ಬಿ ಹುಟ್ಟಿದ್ದೇ ನಾಲ್ಕನೆಯವಳಾಗಿ. ಫೆಬ್ರವರಿ ಎರಡು, ಭಾನುವಾರ, ಕ್ಲಬ್ಬಿನ ಮೈದಾನದಲ್ಲಿ ಸ್ಪರ್ಧೆ. ಕಚೇರಿಯಿಂದ ಬಂದವರೇ ಸಾಮಾನಿನ ಕೋಣೆಗೆ ಹೊಕ್ಕರೆ ಊಟಕ್ಕೆ ಮೂರು ಸಲ ಕರೆಯಬೇಕು. ಹೊಸ ಬಣ್ಣ ಹೊಡೆದು, ಅದನ್ನೇ ಉಜ್ಜಿ, ಕೆರೆದು, ಮಸಿ ಹಚ್ಚಿ ಹಳೆಯದು ಮಾಡುವುದಕ್ಕೆ ‘ವೆದರಿಂಗ್’ ಅನ್ನುತ್ತಾರಂತೆ. ಮೂರು ವರ್ಷದ ಸಂಸಾರದಲ್ಲಿ ನನಗೆ ಆದದ್ದಕ್ಕೂ ಒಂದು ಹೆಸರಿದೆ ಅಂತ ತಿಳಿದು ಸಮಾಧಾನವಾಯಿತು.

ನಿನ್ನೆ ಸಂಜೆ ಬಾಲದ ಭಾಗಕ್ಕೆ ಕ್ಲಿಯರ್ ಹೊಡೆದರು. ಇಂಜಿನ್ನು ಉಗುಳುವ ಎಣ್ಣೆ ಬಣ್ಣವನ್ನು ತಿಂದುಹಾಕುತ್ತದೆ, ಅದಕ್ಕೆ ಎಲ್ಲದರ ಮೇಲೊಂದು ಬಣ್ಣವಿಲ್ಲದ ಗಟ್ಟಿ ಪದರ ಬೇಕು ಅಂತ ನನಗೂ ಪಾಠವಾಗಿದೆ. ಒಂದು ಡಬ್ಬಿ ಕ್ಲಿಯರ್, ಇನ್ನೊಂದು ಡಬ್ಬಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಈ ವಿದ್ಯೆ ಕಲಿಸಿದವರು ನೀವು. ಅದಕ್ಕೇ ಕೇಳುತ್ತೇನೆ, ಅದರಲ್ಲಿ ಎದೆಗೆ ಆಗದಂಥದ್ದು ಏನಾದರೂ ಇದೆಯಾ?

ಅವರಿಗೆ ನಾನು ಬರೆದದ್ದು ಗೊತ್ತಿಲ್ಲ.

ಗುಬ್ಬಿಯ ಅಮ್ಮ

*

11 ಜನವರಿ, ರಾತ್ರಿ 3.25

ತಂಗೀ,

ಗಂಡನ ಗೊರಕೆಯ ಮೇಲೆ ದೂರು ಕೊಡುವ ಹೆಂಡತಿಯರಿಗೆ ಪ್ರಪಂಚದಲ್ಲಿ ಬರ ಇಲ್ಲ. ಅವನು ಹುಡುಗನಾಗಿದ್ದಾಗಲೂ ಚಳಿಗಾಲ ಬಂತೆಂದರೆ ಮೂಗು ಸೊರಸೊರ. ಬಿಸಿನೀರು ಕುಡಿಸು, ಕುತ್ತಿಗೆಗೆ ಬಟ್ಟೆ ಸುತ್ತು. ಹೊಡೆಯುವಾಗ ಕಿಟಕಿ ತೆಗೆದಿರಲಿ.

ಅವನಿಗೆ ಹೇಳು: ಇಂಜಿನ್ನಿನ ಹೊಗೆ ಹೋಗುವ ಎಕ್ಸಾಸ್ಟಿನ ಮಸಿ ಕೆಳಕ್ಕೆ ಸುರಿದ ಹಾಗಿರಬಾರದು, ಗಾಳಿ ಹಿಂದಕ್ಕೆ ಎಳೆದುಕೊಂಡು ಹೋದ ಹಾಗಿರಬೇಕು. ಪೈಲಟ್ಟು ಕಾಲಿಟ್ಟು ಹತ್ತುವ ಜಾಗದಲ್ಲಿ ಬಣ್ಣ ಸವೆದಿರಬೇಕು. ಯಾರೂ ಕಾಲಿಡದ ಕಡೆ ಸವೆದಿದ್ದರೆ ಜಡ್ಜುಗಳು ನಗುತ್ತಾರೆ. ಅವನಿಗೆ ಕೆರೆಯುವ ಚಟ ಜಾಸ್ತಿ.

ಹೊಡೆದಿದ್ದು ಎಷ್ಟು ಗಂಟೆಗೆ? ಸೀಟಿ ಶುರುವಾದದ್ದು ಹೊಡೆದು ಎಷ್ಟು ಹೊತ್ತಿನ ಮೇಲೆ? ಸುಮ್ಮನೆ ಕೇಳಿದೆ.

ನಾನು ಚೆನ್ನಾಗಿದ್ದೇನೆ.

*

16 ಜನವರಿ, ರಾತ್ರಿ 1.00

ಭಾವ,

ನಡುರಾತ್ರಿ ಮೂರೂವರೆಗೆ ಉತ್ತರ ಬರೆಯುತ್ತೀರಲ್ಲ, ನಿಮ್ಮ ಮನೆಯಲ್ಲೂ ಹಾಲು ಕುಡಿಯುವ ಮಗು ಇದೆಯಾ? ಒಂಟಿಯಾಗಿರುವವರಿಗಾದರೂ ದೇವರು ನಿದ್ದೆ ಕೊಟ್ಟಿರುತ್ತಾನೆ ಅಂದುಕೊಂಡಿದ್ದೆ.

ನಾನು ಹೆದರುಪುಕ್ಕಲಿ ಅಂತ ಒಪ್ಪಿಕೊಳ್ಳುತ್ತೇನೆ. ಐದು ರಾತ್ರಿಯಿಂದ ಸೀಟಿ ಇಲ್ಲ. ನಿಮ್ಮ ಬಿಸಿನೀರೋ ಅವರ ಹಠವೋ, ಯಾವುದೋ ಒಂದು ಕೆಲಸ ಮಾಡಿದೆ. ಈ ವಾರವೆಲ್ಲ ರೆಕ್ಕೆಯನ್ನು ಹಳೆಯದು ಮಾಡುವ ಕೆಲಸ. ಕೆಳಗೆ ಬೆಳ್ಳಿಬಣ್ಣ, ಅದರ ಮೇಲೆ ನೀರು ಚಿಮುಕಿಸಿ ಉಪ್ಪಿನ ಹರಳು ಉದುರಿಸಿ, ಅದರ ಮೇಲೆ ಹಸಿರು. ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಬಣ್ಣ ಎದ್ದುಹೋಗಿ ಲೋಹ ಕಂಡ ಹಾಗೆ ಆಗುತ್ತದೆ. ನಿಜಕ್ಕೂ ಚೆನ್ನಾಗಿ ಬಂದಿದೆ, ಸುಳ್ಳು ಹೇಳಬಾರದು. ನನ್ನ ಉಪ್ಪಿನ ಭರಣಿ ಖಾಲಿ.

ನೀವು ಕೇಳಿದ್ದು: ಹೊಡೆದಿದ್ದು ಸಂಜೆ ಆರಕ್ಕೆ. ಸೀಟಿ ಎರಡಕ್ಕೆ. ಅವರನ್ನೂ ಕೇಳಿದೆ.

“ಹೊಡೆಯುವಾಗ ಮಾಸ್ಕ್ ಒಳಗೆ ವಾಸನೆ ಬರುತ್ತಾ?”

“ಒಂಚೂರೂ ಇಲ್ಲ. ಹೂವಿನ ತೋಟದಲ್ಲಿ ನಿಂತ ಹಾಗಿರುತ್ತೆ.”

“ಮತ್ತೆ ಆ ಸೀಟಿ?”

“ನಿನಗೆ ನಿದ್ದೆ ಇಲ್ಲ ಕಣೇ. ನಿದ್ದೆ ಇಲ್ಲದೋರಿಗೆ ಗೋಡೆನೂ ಸೀಟಿ ಹೊಡೆಯುತ್ತೆ. ಅಣ್ಣ ಹದಿನೇಳು ವರ್ಷ ಇದನ್ನೇ ಹೊಡೆದ. ಏನಾಗಿದೆ ಅವನಿಗೆ? ಗುಂಡುಕಲ್ಲು!”

ಆ ಮಾತು ಕೇಳಿ ನನಗೂ ಧೈರ್ಯ ಬಂತು. ಶನಿವಾರ ರೆಕ್ಕೆಗೆ ಕ್ಲಿಯರ್.

*

17 ಜನವರಿ, ರಾತ್ರಿ 2.50

ತಂಗೀ,

ಕ್ಲಿಯರ್ ಬೇಡ ಅನ್ನು. ನಾನು ಹೇಳಿದೆ ಅನ್ನು. ನೀರಿನಲ್ಲಿ ಕರಗುವ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಬ್ರಷ್ಷಿನಲ್ಲಿ ಬಳಿದರೆ ಸಾಕು. ಎಣ್ಣೆ ತಿಂದರೆ ತಿನ್ನಲಿ, ಒಂದು ದಿನದ ಹಾರಾಟಕ್ಕೆ ಏನೂ ಆಗುವುದಿಲ್ಲ. ಹಾರ್ಡನರ್ ಡಬ್ಬಿಯ ಮುಚ್ಚಳವನ್ನೇ ತೆಗೆಯಬಾರದು. ಕಾರಣ ಕೇಳಬೇಡ.

*

22 ಜನವರಿ, ರಾತ್ರಿ 2.35

ಭಾವ,

ನಿಮ್ಮ ಮಾತನ್ನು ಹಾಗೆಯೇ ಹೇಳಿದೆ. ನಿಮ್ಮ ತಮ್ಮ ಕೈಯಲ್ಲಿದ್ದ ಬಣ್ಣ ಹೊಡೆಯುವ ಗನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಬ್ರಷ್ಷಿನಲ್ಲಿ ವಾರ್ನಿಷ್ಷಾ? ಅಣ್ಣ ಹಾಗಂದನಾ? ಗನ್ನು ಬಿಟ್ಟು ಬ್ರಷ್ ಮುಟ್ಟಿದರೆ ಕೈ ಕಡೀತೀನಿ ಅಂದಿದ್ದೋನು ಅವನು. ಅವನದ್ದು ಎರಡನೇ ಬಹುಮಾನದ ಮೇಲೆ ಹೋಗ್ಲಿಲ್ಲ. ನನ್ನದು ಹೋಗ್ಬಿಟ್ಟರೆ ಅಂತ ಹೊಟ್ಟೆ ಉರಿ, ಅಷ್ಟೇ.”

ನಾನು ಜಗಳವಾಡಿದೆ. ಆದರೆ ನಿಜ ಹೇಳುತ್ತೇನೆ, ಒಳಗೊಳಗೆ ನನಗೂ ಹಾಗೇ ಅನ್ನಿಸಿತು. ಕಾರಣ ಹೇಳದೆ ಬೇಡ ಅನ್ನುವವರನ್ನು ಏನೆಂದು ನಂಬುವುದು? ಶನಿವಾರ ಹೊಡೆದರು. ಸೋಮವಾರ ಇನ್ನೊಂದು ಕೋಟು ಹೊಡೆದರು.

ಈಗ ಇದನ್ನು ಓದಿ. ಗುಬ್ಬಿ ಎಷ್ಟು ಹೊತ್ತಿಗೆ ಹಾಲು ಕುಡಿದಳು, ಎಷ್ಟು ಹೊತ್ತಿಗೆ ಒದ್ದೆ ಮಾಡಿದಳು ಅಂತ ನಾನೊಂದು ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಓದಿದ ಹುಡುಗಿ ಅಂತ ನಗುತ್ತಾರೆ, ನಗಲಿ. ಇವತ್ತು ಹಿಂದಿನ ಪುಟಗಳನ್ನು ತಿರುವಿ ಹಾಕಿದೆ. ಡಿಸೆಂಬರ್ 28, ರಾತ್ರಿ ಹನ್ನೆರಡೂವರೆ: “ಇವರು ಕೆಮ್ಮಿದ್ದಕ್ಕೆ ಮಗು ಎದ್ದಿತು.” ಅವತ್ತು ಸಂಜೆ ಒಂದು ಹಲಗೆಯ ಮೇಲೆ ಕ್ಲಿಯರ್ ಪರೀಕ್ಷೆ ಮಾಡಿದ್ದರು. ಜನವರಿ 10ರ ರಾತ್ರಿ ಸೀಟಿ. 18ರ ರಾತ್ರಿ ಸೀಟಿ, ಒಂದು ಗಂಟೆ ಬಿಡಲಿಲ್ಲ. ಸೋಮವಾರ ರಾತ್ರಿ ಬಚ್ಚಲಿನ ಬೇಸಿನ್ ಹಿಡಿದು ನಿಂತವರ ತುಟಿ ದೀಪದ ಬೆಳಕಿನಲ್ಲಿ ಬೂದಿಬಣ್ಣ ಕಂಡಿತು. ನಡುವಿನ ರಾತ್ರಿಗಳಲ್ಲಿ, ಬರೀ ಬಣ್ಣ ಹೊಡೆದ ರಾತ್ರಿಗಳಲ್ಲಿ, ಪುಟವೆಲ್ಲ ಮಗುವಿನದೇ. ಅವರ ಹೆಸರೇ ಇಲ್ಲ.

ಯಾವಾಗಲೂ ಆರರಿಂದ ಎಂಟು ಗಂಟೆ ಬಿಟ್ಟು. ಅದಕ್ಕೇ ಯಾರಿಗೂ ಹೊಳೆಯಲಿಲ್ಲ. ಆದರೆ ನಿಮಗೆ ಮೊದಲನೆಯ ದಿನವೇ ಹೊಳೆದಿತ್ತು. “ಎಷ್ಟು ಹೊತ್ತಿನ ಮೇಲೆ” ಅಂತ ನೀವೇ ಕೇಳಿದ್ದಿರಿ. ನಿಮಗೇನೋ ಗೊತ್ತು.

ನಿಮ್ಮ ತಮ್ಮನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. “ಏನು ಕೆಲಸ ಮಾಡ್ತೀರಿ?” ಅಂತ ಕೇಳಿದರು. “ಆಫೀಸು ಸಾರ್, ಕುರ್ಚಿ ಕೆಲಸ” ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ಕೈ ಅಮುಕಿದರು. ಬಾಯಿಗಿಟ್ಟು ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಕೊಟ್ಟು, ಧೂಳಿಗೆ ಹೋಗಬೇಡಿ ಅಂದು ಕಳಿಸಿದರು. ನಾನು ಸುಮ್ಮನೆ ಎದ್ದು ಬಂದೆ. ಯಾಕೆ ಸುಮ್ಮನಿದ್ದೆ ಅಂತ ನನಗೇ ಗೊತ್ತಿಲ್ಲ.

ಇನ್ನೊಂದು ಮಾತು. ನಿಮ್ಮಿಂದ ಮುಚ್ಚಿಟ್ಟಿದ್ದೆ. ಕ್ಲಿಯರ್ ಒಣಗುವ ತನಕ ಧೂಳು ಬೀಳಬಾರದು, ಚಳಿ ತಾಗಬಾರದು. ಮನೆಯಲ್ಲಿ ಧೂಳಿಲ್ಲದ, ಹೀಟರ್ ಇರುವ ಕೋಣೆ ಒಂದೇ. ಗುಬ್ಬಿಯದು. ಅವರು ಕೇಳಲಿಲ್ಲ ಭಾವ. ನಾನೇ ಹೇಳಿದೆ. “ಮಗುವಿನ ಕೋಣೆ ದಿನಾ ಒರೆಸ್ತೀನಿ, ಅಲ್ಲೇ ನೇತುಹಾಕಿ” ಅಂತ ನಾನೇ ಹೇಳಿದೆ. ನನ್ನ ಕೋಣೆ ಅಷ್ಟು ಶುಭ್ರ ಅಂತ ಜಂಬ. ಆ ಹಸಿ ರೆಕ್ಕೆ ಎರಡು ರಾತ್ರಿ ತೊಟ್ಟಿಲಿಗೆ ಮೂರಡಿ ದೂರದಲ್ಲಿ ತೂಗುತ್ತಿತ್ತು, ಬಾಗಿಲು ಕಿಟಕಿ ಎಲ್ಲ ಹಾಕಿ, ಹೀಟರ್ ಹಚ್ಚಿ. ಭಾನುವಾರದಿಂದ ಗುಬ್ಬಿ ಕೆಮ್ಮುತ್ತಿದ್ದಾಳೆ.

ಆ ಡಬ್ಬಿಯಲ್ಲಿ ಏನಿದೆ, ಹೇಳಿ.

*

24 ಜನವರಿ, ರಾತ್ರಿ 3.00

ಭಾವ, ನನ್ನ ಮೇಲ್ ತಲುಪಿತಾ? ಹಾರ್ಡನರ್ ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ.

*

26 ಜನವರಿ, ರಾತ್ರಿ 2.15

ಒಂದು ಸಾಲು ಬರೆಯಿರಿ. ಬೈಯಿರಿ ಬೇಕಾದರೆ.

*

27 ಜನವರಿ, ರಾತ್ರಿ 3.05

ತಂಗೀ,

ಮೊದಲು ಮಗುವನ್ನು ಆ ಕೋಣೆಯಿಂದ ಆಚೆ ತೆಗೆ. ಕಿಟಕಿ ತೆಗೆದು ಮೂರು ದಿನ ಗಾಳಿಯಾಡಲಿ. ಪೂರ್ತಿ ಒಣಗಿದ ರೆಕ್ಕೆಯಿಂದ ಭಯವಿಲ್ಲ. ಒಣಗುವ ತನಕ ಇದೆ. ಮಗುವನ್ನು ಡಾಕ್ಟರಿಗೆ ತೋರಿಸು, ಈ ಸಲ ಪೂರ್ತಿ ಹೇಳು. ತೋರಿಸಿ ಆದಮೇಲೆ ಇದರ ಮುಂದಿನದು ಓದು.

ನಾಲ್ಕು ದಿನ ಬರೆದು ಬರೆದು ಅಳಿಸಿದೆ. ನಾನು ಬೆನ್ನು ಹಾಸಿಗೆಗೆ ತಾಗಿಸಿ ನಿದ್ದೆ ಮಾಡಿ ನಾಲ್ಕು ವರ್ಷವಾಯಿತು. ಮೂರು ದಿಂಬು ಒರಗಿಸಿಕೊಂಡು ಕೂತಲ್ಲೇ ತೂಕಡಿಸುತ್ತೇನೆ. ಅದಕ್ಕೇ ನಿನ್ನ ಮೇಲ್‌ಗಳಿಗೆ ಆ ಹೊತ್ತಿನಲ್ಲಿ ಉತ್ತರ. ಫೋನಿನಲ್ಲಿ ಎರಡನೆಯ ಮಾತು ಮುಗಿಯುವುದರೊಳಗೆ ಕೆಮ್ಮು ಬರುತ್ತದೆ, ಮೂರನೆಯದಕ್ಕೆ ಉಸಿರೇ ಇರುವುದಿಲ್ಲ. ಅದಕ್ಕೇ ಎತ್ತುವುದಿಲ್ಲ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಇದೆ. ನಿಮ್ಮ ಮದುವೆಗೆ ನಾನು ಬರದಿದ್ದದ್ದು ಕಾಲು ಉಳುಕಿದ್ದರಿಂದ ಅಲ್ಲ.

ಹಾರ್ಡನರಿನಲ್ಲಿ ಎದೆಯನ್ನು ಕೆಡಿಸುವ ವಿಷವಿದೆ, ಅದಕ್ಕೆ ವಾಸನೆ ಇಲ್ಲ. ಮೂಗಿಗೆ ಬರುವುದು ಅದರ ಜೊತೆಗಿರುವ ತಿನ್ನರಿನ ವಾಸನೆ. ಆ ಮಾಸ್ಕು ತಿನ್ನರನ್ನು ತಡೆಯುತ್ತದೆ, ಈ ವಿಷವನ್ನಲ್ಲ. ವಾಸನೆ ನಿಂತಿತು, ಇನ್ನೇನು ಭಯ ಅಂತ ಹದಿನೇಳು ವರ್ಷ ನಾನೂ ಹೂವಿನ ತೋಟದಲ್ಲೇ ನಿಂತಿದ್ದೆ. ಅದನ್ನು ಹೊಡೆಯುವವರು ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ತಂದುಕೊಂಡು ಉಸಿರಾಡಬೇಕು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದೂ ಇದೆ. ಓದುವವರು ಯಾರು?

ಇದು ಶೀತದ ಹಾಗೆ ಬಂದುಹೋಗುವ ಕಾಯಿಲೆಯಲ್ಲ. ಮೈ ಒಂದು ಸಲ ಅದರ ಗುರುತು ಹಿಡಿದರೆ ಆಯಿತು, ಸಾಯುವ ತನಕ ಮರೆಯುವುದಿಲ್ಲ. ಪ್ರತಿ ಸಲವೂ ಹಿಂದಿನದಕ್ಕಿಂತ ಜೋರು. ನನ್ನ ಕೊನೆಯ ಸಲ ಒಂದು ಸಣ್ಣ ಬಾಲಕ್ಕೆ ಒಂದೇ ಕೋಟು ಹೊಡೆದಿದ್ದೆ. ನೆಲದ ಮೇಲೆ ಬಿದ್ದಿದ್ದವನನ್ನು ಕೆಳಗಿನ ಮನೆಯವರು ಆಸ್ಪತ್ರೆಗೆ ಹೊತ್ತರು. ಮೂರು ದಿನ ಯಂತ್ರ ನನ್ನ ಪರವಾಗಿ ಉಸಿರಾಡಿತು. ನಿನ್ನ ಗಂಡನಿಗೆ ಪ್ರವಾಸ ಹೋಗಿದ್ದೆ ಅಂದೆ.

ಆಮೇಲೆ ಗನ್ನು, ಕಂಪ್ರೆಸರ್, ಉಳಿದಿದ್ದ ಡಬ್ಬಿ ಎಲ್ಲ ಅವನಿಗೆ ಕಳಿಸಿದೆ. “ಕಣ್ಣು ಮಂಜಾಗಿದೆ, ಇನ್ನು ನೀನು ಹೊಡೆ” ಅಂದೆ. ಇದಕ್ಕೆ ಏನು ಹೇಳಲಿ? ಬೇರೆಯವರ ಕೈಗೆ ಆ ಗನ್ನು ಹೋಗುವುದು ಬೇಡವಾಗಿತ್ತು. ಅವನ ಎದೆ ಗಟ್ಟಿ, ಅವನಿಗೆ ಆಗುವುದಿಲ್ಲ ಅಂದುಕೊಂಡೆ. ಅಂದುಕೊಳ್ಳಲು ಏನು ಖರ್ಚು? ನನ್ನ ಹೆಗಲ ಮೇಲೆ ಕೂತು ಆಕಾಶ ನೋಡಿದವನು ಅವನು. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡ ನನ್ನನ್ನು ಅವನು ನೋಡುವುದು ಬೇಡ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಅವನನ್ನು ನಿಲ್ಲಿಸು. ಡಾಕ್ಟರು ಹೇಳಿದರು ಅನ್ನು, ಪುಸ್ತಕದಲ್ಲಿ ಓದಿದೆ ಅನ್ನು, ಏನಾದರೂ ಅನ್ನು. ನನ್ನ ವಿಷಯ ಮಾತ್ರ ಹೇಳಬೇಡ. ನನ್ನಾಣೆ.

*

1 ಫೆಬ್ರವರಿ, ರಾತ್ರಿ 1.40

ಭಾವ,

ಆಣೆ ಮುರಿದಿದ್ದೇನೆ. ಪಾಪ ಬಂದರೆ ನನಗೇ ಬರಲಿ.

ಮಗುವನ್ನು ತೋರಿಸಿದೆ, ಪೂರ್ತಿ ಹೇಳಿದೆ. ಎದೆ ಸ್ವಚ್ಛವಾಗಿದೆ, ಆ ಗಾಳಿಯಿಂದ ದೂರ ಇಡಿ ಅಂದರು. ನಾನೂ ಅವಳೂ ಅಡುಗೆಮನೆಯ ನೆಲದಲ್ಲಿ ಮಲಗುತ್ತಿದ್ದೇವೆ. ಬಾಗಿಲ ಸಂದಿಗೆ ಒದ್ದೆ ಟವೆಲ್ಲು. ಅವಳ ಉಸಿರನ್ನು ಎಣಿಸುತ್ತೇನೆ, ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸುತ್ತೇನೆ.

ನಿಮ್ಮ ತಮ್ಮನಿಗೆ ಮೊದಲು ಡಾಕ್ಟರು ಅಂದೆ. “ಡಾಕ್ಟರಿಗೆ ವಿಮಾನ ಗೊತ್ತಾ?” ಅಂದರು. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಹೇಳಿದೆ. “ಎಲ್ಲ ಡಬ್ಬಿ ಮೇಲೂ ಬರೆದಿರ್ತಾರೆ, ಸೋಪಿನ ಮೇಲೂ ಬರೆದಿರ್ತಾರೆ” ಅಂದರು. ಡಬ್ಬಿಯನ್ನು ಮತ್ತೆ ಅವರ ಕೈಗೆ ಕೊಡಲಿಲ್ಲ. ಕ್ಲಬ್ಬಿನ ಗೆಳೆಯನ ಹತ್ತಿರ ಇನ್ನೊಂದು ತಂದರು. ನಿನ್ನೆ ಸಂಜೆ ಆರಕ್ಕೆ ವಿಮಾನದ ಒಡಲಿಗೆ ಮೊದಲ ಕೋಟು ಹೊಡೆದರು. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನು ಎರಡೂ ಭುಜ ಹಿಡಿದು, ಮೇಜನ್ನು ಸರಿಸಿದ ಹಾಗೆ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಊಟದ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ. ನಿಮ್ಮ ಮೇಲ್ ತೆಗೆದು ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಓದಿದರು. ಎರಡನೆಯ ಸಲ ಓದಿದರು. ಕೈ ತೊಳೆದು ಬಂದು ಮೂರನೆಯ ಸಲ ಓದಿದರು.

“ಇದು ಅಣ್ಣ ಬರೆದಿದ್ದಲ್ಲ.”

“ಮತ್ತಿನ್ಯಾರು ಬರೀತಾರೆ?”

“ಅಣ್ಣ ಹೀಗೆ ಅಳೋನಲ್ಲ. ಬರೆದಿದ್ದರೂ ನಿನಗೋಸ್ಕರ ಬರೆದಿದ್ದಾನೆ. ನೀವಿಬ್ಬರೂ ಸೇರ್ಕೊಂಡು ನನ್ನ ಹೆದರಿಸ್ತಿದ್ದೀರ.”

“ಹೆದರಿಸೋಕೆ ಸಿಲಿಂಡರ್ ಕಥೆ ಕಟ್ಟಬೇಕಾ ಅವರು?”

“ಹಾಗಾದ್ರೆ ಬಾಯಿಬಿಟ್ಟು ಹೇಳ್ಲಿ. ನನ್ನ ಕಿವೀಲಿ ಕೇಳ್ಬೇಕು. ಕೇಳಿದ ಕ್ಷಣ ನಿಲ್ಲಿಸ್ತೀನಿ, ಆಯ್ತಾ?”

ಅಲ್ಲೇ ನಿಮಗೆ ಫೋನ್ ಮಾಡಿದರು ಭಾವ. ಹತ್ತು ಗಂಟೆಗೆ ಒಂದು ಸಲ, ಹತ್ತೂಕಾಲಿಗೆ ಒಂದು ಸಲ. ಗಂಟೆ ಪೂರ್ತಿ ಬಡಿದು ನಿಂತಿತು. “ನೋಡಿದ್ಯಾ? ಎತ್ತಲ್ಲ. ಸುಳ್ಳು ಹೇಳೋಕೆ ಅವನಿಗೆ ನಾಚಿಕೆ” ಅಂದರು. ಅವರ ಮುಖ ನೀವು ನೋಡಬೇಕಿತ್ತು. ಗೆದ್ದವರ ಮುಖವಾಗಿರಲಿಲ್ಲ. ನೀವು ಎತ್ತುತ್ತೀರಿ ಅಂತ ಕಾದಿದ್ದರು.

ಹನ್ನೆರಡೂಕಾಲಿಗೆ ಶುರುವಾಯಿತು. ಈ ಸಲ ಸೀಟಿಯೂ ಇಲ್ಲ. ಗಾಳಿ ಒಳಗೆ ಹೋಗುತ್ತಲೇ ಇರಲಿಲ್ಲ, ಸೀಟಿ ಎಲ್ಲಿಂದ ಬರಬೇಕು? ಕುತ್ತಿಗೆಯ ಗುಳಿ ಒಳಕ್ಕೆ ಹೋಗಿಬರುತ್ತಿತ್ತು. ಔಷಧಿಯನ್ನು ನಾನೇ ಬಾಯಿಗೆ ಹಿಡಿದು ಒತ್ತಿದೆ, ಒಂದು, ಎರಡು, ಆರು ಸಲ. ಆಂಬುಲೆನ್ಸ್ ಅಂದಾಗ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಅರ್ಧ ಗಂಟೆಯ ಮೇಲೆ ಸ್ವಲ್ಪ ಇಳಿಯಿತು. ಮಾತು ಬಂದ ಕೂಡಲೇ ಆಡಿದ್ದೇನು ಗೊತ್ತಾ? “ನಾಲ್ಕೂವರೆಗೆ ಎಬ್ಬಿಸು. ಐದಕ್ಕೆ ಗಾಳಿ ಇರಲ್ಲ, ಧೂಳು ಇರಲ್ಲ. ಕೊನೇ ಕೋಟು. ಭಾನುವಾರ ಆದ್ಮೇಲೆ ನೀನು ಹೇಳಿದ ಆಸ್ಪತ್ರೆಗೆ ಬರ್ತೀನಿ.”

ಕೊನೆಯ ಕೋಟು. ನಿಮಗೂ ಒಂದು ಕೋಟು ಸಾಕಾಗಿತ್ತಲ್ಲ.

ಅವರ ಫೋನಿನಲ್ಲಿ ಅಲಾರಂ ಇದೆ, ನಾನು ಎಬ್ಬಿಸದಿದ್ದರೂ ಅದು ಎಬ್ಬಿಸುತ್ತದೆ. ಅದನ್ನು ಆರಿಸಿದರೆ ಅವರೊಳಗೆ ಇನ್ನೊಂದು ಅಲಾರಂ ಇದೆ. ಗನ್ನನ್ನು ಮುರಿಯೋಣವೆಂದು ಸಾಮಾನಿನ ಕೋಣೆಗೆ ಹೋದೆ. ಬೀಗ ಹಾಕಿದ್ದಾರೆ. ಬೀಗದ ಕೈ ಅವರ ಜೇಬಿನಲ್ಲಿದೆ, ಆ ಜೇಬಿನ ಮೇಲೆಯೇ ಮಲಗಿದ್ದಾರೆ. ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ ಅಂತಲ್ಲ. ನಿಮ್ಮ ಮಾತಿಗೆ ಇರುವಷ್ಟು ಇಲ್ಲ. ನೀವು ಚೆನ್ನಾಗಿದ್ದೀರಿ ಅನ್ನುವುದೊಂದನ್ನೇ ಅವರು ಹಿಡಿದುಕೊಂಡಿದ್ದಾರೆ. ಅದನ್ನು ನೀವೇ ಬಿಡಿಸಬೇಕು. ಬೇರೆ ಯಾರ ಕೈಯಲ್ಲೂ ಆಗುವುದಿಲ್ಲ.

ಈ ಹೊತ್ತಿನಲ್ಲಿ ನೀವು ಎದ್ದೇ ಇರುತ್ತೀರಿ, ನನಗೆ ಗೊತ್ತು. ಅವರ ಫೋನಿಗೆ ಮಾಡಿ. ಗಂಟೆಯ ಸದ್ದು ಪೂರ್ತಿ ಏರಿಸಿ ಅವರ ದಿಂಬಿನ ಪಕ್ಕ ಇಟ್ಟು ಬಂದಿದ್ದೇನೆ. ಬುದ್ಧಿ ಹೇಳಬೇಕಾಗಿಲ್ಲ, ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ಎರಡು ಮಾತು ಸಾಕು. ಎರಡೂ ಆಗದಿದ್ದರೆ ಕೆಮ್ಮಿ ಭಾವ. ಬರೀ ಉಸಿರಾಡಿ. ನಾಚಿಕೆಯಾದರೆ ಆಗಲಿ, ಅವರು ಕೇಳಿಸಿಕೊಳ್ಳಲಿ. ಅವರು ಒಂದು ಸಲ ಕೇಳಿಸಿಕೊಂಡರೆ ಸಾಕು.

ಎರಡು ಗಂಟೆ ಆಗುತ್ತ ಬಂತು. ನಾಲ್ಕೂವರೆಗೆ ಅವರು ಏಳುತ್ತಾರೆ. ಇದಕ್ಕೆ ಉತ್ತರ ಬರೆಯುತ್ತ ಕೂರಬೇಡಿ, ದಯವಿಟ್ಟು ಬರೆಯಬೇಡಿ. ಫೋನ್ ಮಾಡಿ. ಬೆಳಗಾಗುವ ಮೊದಲು ಮಾಡಿ. ಈಗಲೇ ಮಾಡಿ.